ವೇಣೂರು ಮೊದಲು, ಮೂಡುಬಿದಿರೆ ಆಮೇಲೆ

ಗೈಡ್ ಜೊತೆ ಒಂದೇ ದಿನದಲ್ಲಿ ಸ್ಮಾರಕ ನೋಡಿ ಬರುವುದೆಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಆಗ್ರಾ. ನಸುಕಿಗೆ ದೆಹಲಿಯಲ್ಲಿ ರೈಲು ಹತ್ತುವುದು, ತಾಜ್ ಮಹಲ್, ಕೋಟೆ, ಹೊತ್ತಿದ್ದರೆ ಫತೇಪುರ್ ಸಿಕ್ರಿ, ರಾತ್ರಿಗೆ ಮತ್ತೆ ದೆಹಲಿ. ಆ ಪ್ರವಾಸದ ಬಗ್ಗೆ ನನಗೆ ಗೌರವವಿದೆ. ಅಲ್ಲಿಗೆ ಹೋದವರು ಗೈಡ್ ಹೇಳಿದಲ್ಲಿ ನಿಲ್ಲುತ್ತಾರೆ, ಅವನು ಬೆರಳು ತೋರಿಸಿದ ಕಡೆ ಕಣ್ಣು ಹಾಯಿಸುತ್ತಾರೆ, ಅಮೃತಶಿಲೆ ಮಕ್ರಾನದಿಂದ ಬಂತು ಎಂಬುದನ್ನು ಊರಿಗೆ ಬಂದು ಹತ್ತು ಮಂದಿಗೆ ಹೇಳುತ್ತಾರೆ. ಅದೇ ಜನ ನಮ್ಮ ಪುಂಜಾಲಕಟ್ಟೆಯಿಂದ ಒಂದು ಗಂಟೆಯೂ ಹಿಡಿಯದ ವೇಣೂರಿಗೆ ಹೋದಾಗ ಗೊಮ್ಮಟನ ಎದುರು ಹತ್ತು ನಿಮಿಷ ನಿಂತು ಕೈಮುಗಿದು, ಫೋಟೊ ತೆಗೆದು ಕಾರು ಹತ್ತುತ್ತಾರೆ. ಅಕ್ಕಪಕ್ಕದ ಊರು ತಾನೇ, ನಮಗೆ ಹೇಳಿಕೊಡುವವರು ಯಾಕೆ ಎಂಬ ಭಾವನೆ. ನನ್ನ ಅನುಭವದಲ್ಲಿ ಗೈಡ್ ಬೇಕಾಗುವುದು ಇಲ್ಲೇ ಹೆಚ್ಚು. ಆಗ್ರಾದ ಕಥೆಯನ್ನು ಶಾಲೆಯ ಪುಸ್ತಕವೇ ನಮಗೆ ಹೇಳಿಕೊಟ್ಟಿದೆ. ವೇಣೂರನ್ನು ಆಳಿದ ಅಜಿಲರ ಕಥೆಯನ್ನು, ಮೂಡುಬಿದಿರೆಯನ್ನು ಆಳಿದ ಚೌಟರ ಕಥೆಯನ್ನು ಯಾವ ತರಗತಿಯಲ್ಲಿ ಓದಿದ್ದೇವೆ?

ಮೊಗಲರದ್ದೇ ಬೇಕು ಎನ್ನುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪುಂಜಾಲಕಟ್ಟೆಯ ಅಂಗಡಿಗಳ ಎದುರು ಹಾದುಹೋಗುವ ಹೆದ್ದಾರಿ ಚಾರ್ಮಾಡಿ ಹತ್ತಿ ತುಮಕೂರು ಸೇರುತ್ತದೆ. ಅಲ್ಲಿಂದ ಮುಂದೆ ಶಿರಾ. 1687ರಲ್ಲಿ ಔರಂಗಜೇಬನ ಕಾಲದಲ್ಲಿ ಶಿರಾ ಮೊಗಲರ ಒಂದು ಸುಬಾದ ರಾಜಧಾನಿಯಾಯಿತು. 1696ರ ಜುಮ್ಮಾ ಮಸೀದಿ, ಅದಕ್ಕೂ ಹಿಂದಿನ ಬಿಜಾಪುರದ ಅಧಿಕಾರಿ ಮಲಿಕ್ ರೆಹಾನನ ಗೋರಿ ಇಂದಿಗೂ ಅಲ್ಲಿವೆ. ಬೆಂಗಳೂರಿನವರಿಗೆ ಅದು ಒಂದು ದಿನದ ಪ್ರವಾಸ, ನಮಗಲ್ಲ. ಮೊಗಲರ ಆಳ್ವಿಕೆ ಘಟ್ಟ ಇಳಿಯಲೂ ಇಲ್ಲ. ಆದರೆ ಅಕ್ಬರ್ ಆಗ್ರಾದಲ್ಲಿ, ಸಿಕ್ರಿಯಲ್ಲಿ, ಲಾಹೋರಿನಲ್ಲಿ ಕಟ್ಟಿಸುತ್ತಿದ್ದ ದಿನಗಳಲ್ಲೇ ಘಟ್ಟದ ಕೆಳಗಿನ ಸಣ್ಣ ಸಣ್ಣ ಅರಸರೂ ಕಟ್ಟಿಸುತ್ತಿದ್ದರು. ಕಾರ್ಕಳದ ಚತುರ್ಮುಖ ಬಸದಿ 1586ರದು, ವೇಣೂರಿನ ಗೊಮ್ಮಟ 1604ರದು. ಅಕ್ಬರ್ ತೀರಿಕೊಂಡದ್ದು ಅದರ ಮರುವರ್ಷ. ತಾಜಿನ ಕೆಲಸ ಶುರುವಾಗುವುದಕ್ಕೆ ಇನ್ನೂ ಕಾಲು ಶತಮಾನಕ್ಕಿಂತ ಹೆಚ್ಚು ಕಾಲವಿತ್ತು.

ಕಾರ್ಕಳವನ್ನು ಈ ದಿನಕ್ಕೆ ಸೇರಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಬೆಳ್ತಂಗಡಿಯ ಕಡೆ ಆಕಾಶಕ್ಕೆ ಎದ್ದು ನಿಂತ ಗಡಾಯಿಕಲ್ಲನ್ನೂ ಸೇರಿಸಬೇಡಿ. 1794ರಲ್ಲಿ ಟಿಪ್ಪು ಅಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಗೆ ಮೆಟ್ಟಿಲು ಹತ್ತಿ ಇಳಿಯುವುದಕ್ಕೇ ಅರ್ಧ ದಿನ ಹೋಗುತ್ತದೆ, ಆಮೇಲೆ ಕಾಲೂ ಇರುವುದಿಲ್ಲ, ಕಣ್ಣೂ ಇರುವುದಿಲ್ಲ. ವ್ಯಾನ್ ಮಾಡಿಕೊಂಡು ಬಂದಿದ್ದೇವೆ ಎಂದು ಐದಾರು ಊರು ತುರುಕಿದರೆ ಕೊನೆಗೆ ನೆನಪಿನಲ್ಲಿ ಉಳಿಯುವುದು ವ್ಯಾನಿನ ಸೀಟು ಮಾತ್ರ. ಎರಡೇ ಊರು ಸಾಕು. ಮೊದಲು ವೇಣೂರು, ಬಿಸಿಲೇರಿದ ಮೇಲೆ ಮೂಡುಬಿದಿರೆ. ಈ ಕ್ರಮಕ್ಕೆ ಕಾರಣವಿದೆ. ವೇಣೂರಿನ ಮುಖ್ಯ ನೋಟ ಬಯಲಿನದು, ಮೂಡುಬಿದಿರೆಯದು ಮಾಡಿನ ಕೆಳಗಿನದು. ಸೆಕೆ ಜೋರಾದಾಗ ಕಲ್ಲುಕಂಬಗಳ ತಂಪಿನೊಳಗಿರುವುದು ಒಳ್ಳೆಯದು.

ಮಡಂತ್ಯಾರು ದಾಟಿ ಗುರುವಾಯನಕೆರೆಯಲ್ಲಿ ಎಡಕ್ಕೆ ತಿರುಗಿದರೆ ವೇಣೂರಿನ ದಾರಿ. ಮುಂದೆ ಗುರುಪುರ ನದಿ ಎನಿಸಿಕೊಳ್ಳುವ ಫಲ್ಗುಣಿ ಇಲ್ಲಿ ಇನ್ನೂ ಚಿಕ್ಕ ಹೊಳೆ. ಅದರ ದಂಡೆಯ ಮೇಲೆ, ಮುರಕಲ್ಲಿನ ಆವರಣದೊಳಗೆ ಗೊಮ್ಮಟ ನಿಂತಿದ್ದಾನೆ. ಶ್ರವಣಬೆಳಗೊಳದವನು, ಕಾರ್ಕಳದವನು ಬೆಟ್ಟದ ತಲೆಯ ಮೇಲಿದ್ದಾರೆ. ಅವರನ್ನು ಹತ್ತಿ ಹೋಗಿ ನೋಡಬೇಕು. ವೇಣೂರಿನವನು ಸಮನೆಲದಲ್ಲಿ, ನಾವು ನಿಂತ ಮಣ್ಣಿನಲ್ಲೇ ನಿಂತಿದ್ದಾನೆ. ಎತ್ತರ 40 ಅಡಿಗೆ ತುಸು ಕಡಿಮೆ, ಮೂವರಲ್ಲಿ ಎಲ್ಲರಿಗಿಂತ ಗಿಡ್ಡ. ದೊಡ್ಡದನ್ನೇ ಹೊಗಳುವ ಗೈಡ್ ಇದನ್ನು ಬೇಗ ಮುಗಿಸಿಬಿಡುತ್ತಾನೆ. ಒಳ್ಳೆಯ ಗೈಡ್ ನಿಮ್ಮನ್ನು ಪಾದದ ಬಳಿ ನಿಲ್ಲಿಸದೆ ಹಿಂದೆ ಹಿಂದೆ ಕರೆದುಕೊಂಡು ಹೋಗಿ, ಕೆನ್ನೆಯ ಗುಳಿ ಕಾಣುವ ಜಾಗದಲ್ಲಿ ನಿಲ್ಲಿಸುತ್ತಾನೆ. ಗಂಭೀರವಾದ ಮುಖದಲ್ಲಿ ಇನ್ನೇನು ನಗು ಬಂದೇ ಬಿಡುತ್ತದೆ ಎನ್ನುವಂಥ ಭಾವವನ್ನು ಆ ಗುಳಿಗಳೇ ತರುತ್ತವೆ. ಬೆಳಗೊಳದ ಮೂರ್ತಿಯ ಶಾಂತಿ ಇದಕ್ಕಿಲ್ಲ, ಕಾರ್ಕಳದ್ದರ ಬಿಗುವೂ ಇಲ್ಲ. ಹತ್ತಿರದವನೊಬ್ಬನ ಮುಖ ಇದು. ನನಗೆ ಮೂವರಲ್ಲಿ ಇವನೇ ಹೆಚ್ಚು ಇಷ್ಟ.

ಅಲ್ಲಿ ಕೇಳಬೇಕಾದ ಪ್ರಶ್ನೆ ಇವನನ್ನು ಯಾರು ನಿಲ್ಲಿಸಿದರು ಎಂಬುದು. ಉತ್ತರ ಮೂರ್ತಿಯ ಪಕ್ಕದ ಶಾಸನದಲ್ಲೇ ಇದೆ. 1604ರ ಮಾರ್ಚ್ 1ರಂದು ಪ್ರತಿಷ್ಠೆ ಮಾಡಿಸಿದವನು ತಿಮ್ಮರಾಜ, ಅಜಿಲ ವಂಶದ ಅರಸ. ಪ್ರೇರಣೆ ಕೊಟ್ಟವರು ಬೆಳಗೊಳದ ಗುರು ಚಾರುಕೀರ್ತಿಗಳು. ಶಾಸನ ಅವನನ್ನು ಚಾವುಂಡರಾಯನ ವಂಶದವನು ಎನ್ನುತ್ತದೆ, ಅಂದರೆ ಆರು ಶತಮಾನ ಹಿಂದೆ ಬೆಳಗೊಳದ ಮೂರ್ತಿ ಮಾಡಿಸಿದವನ ಕುಲ. ಅವನ ತಾಯಿಯ ಹೆಸರನ್ನೂ ಹೇಳಿ, ಅವನು ರಾಯಕುವರನ ಅಳಿಯ ಎಂದು ಗುರುತಿಸುತ್ತದೆ. ನಮ್ಮ ಜಿಲ್ಲೆಯವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊಗಲರ ಮನೆಯಲ್ಲಿ ಅಪ್ಪನ ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರು ಕತ್ತಿ ಹಿಡಿಯುತ್ತಿದ್ದರು. ಅಕ್ಬರನ ಕೊನೆಯ ವರ್ಷಗಳಲ್ಲಿ ಮಗ ಸಲೀಮನೇ ದಂಗೆ ಎದ್ದಿದ್ದ. ಅದೇ ಹೊತ್ತಿಗೆ ಫಲ್ಗುಣಿಯ ದಂಡೆಯಲ್ಲಿ ಮಾವನಿಂದ ಅಳಿಯನಿಗೆ, ಹೆಣ್ಣಿನ ಕವಲಿನಲ್ಲಿ ಪಟ್ಟ ಇಳಿದುಬರುತ್ತಿತ್ತು. ಅಳಿಯಸಂತಾನ ಎಂಬುದನ್ನು ಜಮೀನಿನ ಕಾಗದಪತ್ರದಲ್ಲಿ ಮಾತ್ರ ಕಂಡವರು ಅದನ್ನು ಕಲ್ಲಿನಲ್ಲಿ ಕಾಣಬಹುದಾದ ಜಾಗ ಇದು. ಅಕ್ಕಪಕ್ಕದಲ್ಲೇ ಇರುವ ಎರಡು ಸಣ್ಣ ಬಸದಿಗಳು ಅಜಿಲನ ರಾಣಿಯರ ಹೆಸರಿನವು. ಅವುಗಳಲ್ಲಿ ಒಂದನ್ನು ಅಕ್ಕಂಗಳ ಬಸದಿ ಎನ್ನುತ್ತಾರೆ. ಹೆಚ್ಚಿನವರು ಗೊಮ್ಮಟನನ್ನು ನೋಡಿದ ಮೇಲೆ ಇವುಗಳತ್ತ ತಿರುಗುವುದೇ ಇಲ್ಲ.

ಇನ್ನೊಂದು ಐತಿಹ್ಯವನ್ನು ಗೈಡ್‌ಗಳು ಖಂಡಿತ ಹೇಳುತ್ತಾರೆ. ವೇಣೂರಿನಲ್ಲಿ ಮೂರ್ತಿ ಏಳುವುದು ಕಾರ್ಕಳದ ಭೈರರಸರಿಗೆ ಹಿಡಿಸಲಿಲ್ಲವಂತೆ. ಅದನ್ನು ತಮಗೆ ಕೊಡಬೇಕೆಂದು ಹೇಳಿ ಕಳಿಸಿದಾಗ ಅಜಿಲ ಅದನ್ನು ಹೊಳೆಯ ಹೊಯಿಗೆಯಲ್ಲಿ ಹೂತಿಟ್ಟು ಕಾಪಾಡಿದನಂತೆ. ಕಥೆ ಎಂದೇ ಕೇಳಿ, ಆದರೆ ಪೂರ್ತಿ ಕೇಳಿ. ಒಂದು ಸಣ್ಣ ಅರಸುಮನೆಗೆ ಇಷ್ಟು ದೊಡ್ಡ ಕಲ್ಲು ಎಂಥ ಮಾನದ ವಿಷಯವಾಗಿತ್ತು ಎಂಬುದು ಆ ಕಥೆಯೊಳಗಿದೆ. 2024ರಲ್ಲಿ ಮಹಾಮಸ್ತಕಾಭಿಷೇಕ ಆದಾಗ ವೇಣೂರಿನ ಗದ್ದೆಗಳವರೆಗೂ ಜನ ತುಂಬಿದ್ದರು. ನೋಡುವುದಕ್ಕಾದರೆ ಅಂಥ ದಿನ ಬೇಡ, ಯಾವುದಾದರೂ ಸಾದಾ ಮಂಗಳವಾರ ಹೋಗಿ.

ಮೂಡುಬಿದಿರೆಗೆ ಬಂದಾಗ ಊಟದ ಹೊತ್ತಾಗಿರುತ್ತದೆ. ಪೇಟೆಯಲ್ಲಿ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ ಎಲ್ಲಿಯಾದರೂ ಸಿಗುತ್ತದೆ. ಉಂಡ ಕೂಡಲೇ ಸಾವಿರ ಕಂಬದ ಬಸದಿಗೆ ನುಗ್ಗಬೇಡಿ. ಮೊದಲು ಬಸದಿಗಳ ಓಣಿಯಲ್ಲಿ ನಡೆದು ಹೆಸರುಗಳನ್ನು ಓದಿ. ವಿಕ್ರಮ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ದೇರಮ ಶೆಟ್ಟಿ ಬಸದಿ, ಕೋಟಿ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ. ಊರಿನ ಹದಿನೆಂಟು ಬಸದಿಗಳಲ್ಲಿ ಇಷ್ಟೊಂದು ಬಸದಿಗಳ ಹೆಸರು ವ್ಯಾಪಾರಿಗಳದ್ದು. ಮೆಣಸು, ಅಕ್ಕಿ, ಬಟ್ಟೆ ಘಟ್ಟಕ್ಕೂ ಬಂದರಿಗೂ ನಡುವೆ ಓಡಾಡಿದ ದಾರಿಯಲ್ಲಿ ಈ ಊರು ಬೆಳೆಯಿತು, ಗಳಿಸಿದವರು ದೇವರ ಮನೆ ಕಟ್ಟಿಸಿದರು. ಆಗ್ರಾದ ಗೈಡ್ ಹೇಳುವ ಕಥೆಯಲ್ಲಿ ಬಾದಶಹ, ಬೇಗಂ, ಶಹಜಾದೆ ಬರುತ್ತಾರೆ. ಇಲ್ಲಿಯ ಕಥೆಯಲ್ಲಿ ಶೆಟ್ಟಿಗಳು ಬರಬೇಕು. ಇದನ್ನು ಬಿಟ್ಟು ಬರೀ ಕಂಬ ಎಣಿಸುವ ಗೈಡ್ ಸಿಕ್ಕಿದರೆ ಈ ಶೆಟ್ಟಿಗಳು ಯಾರೆಂದು ವಿನಯದಿಂದ ಕೇಳಿ.

ಸಾವಿರ ಕಂಬದ ಬಸದಿ ಎದ್ದದ್ದು 1430ರಲ್ಲಿ, ವಿಜಯನಗರದ ಆಳ್ವಿಕೆಯ ಕಾಲದಲ್ಲಿ. ಶಾಸ್ತ್ರೀಯ ಹೆಸರು ತ್ರಿಭುವನ ತಿಲಕ ಚೂಡಾಮಣಿ, ಊರವರಿಗೆ ಹೊಸ ಬಸದಿ. ಎದುರಿನ ಮಾನಸ್ತಂಭ ಸುಮಾರು 50 ಅಡಿ ಎತ್ತರದ ಕಂಬ. ಒಳಗೆ ಪಂಚಲೋಹದ ಚಂದ್ರನಾಥ ಸ್ವಾಮಿ, ಆಳೆತ್ತರಕ್ಕಿಂತ ಎತ್ತರದ ಮೂರ್ತಿ. ಇದೆಲ್ಲ ಫಲಕದಲ್ಲಿ ಸಿಗುವ ವಿವರ. ಗೈಡ್ ತೋರಿಸಬೇಕಾದದ್ದು ಮಾಡನ್ನು. ಜೇಮ್ಸ್ ಫರ್ಗುಸನ್ 1876ರಲ್ಲಿ ಭಾರತದ ವಾಸ್ತುಶಿಲ್ಪದ ಚರಿತ್ರೆ ಬರೆದಾಗ ಈ ಇಳಿಜಾರು ಮಾಡುಗಳನ್ನು ಕಂಡು ಬೆರಗಾಗಿ, ಇದಕ್ಕೆ ಹೋಲಿಕೆ ನೇಪಾಳದಲ್ಲಿದೆ ಎಂದ. ಇಂದಿಗೂ ಗೈಡ್‌ಗಳು ನೇಪಾಳ ಎನ್ನುತ್ತಾರೆ. ನಮ್ಮ ಅಜ್ಜನ ಮನೆಯ ಚಾವಡಿಯಲ್ಲಿ ಕುಳಿತು ಮಳೆ ನೋಡಿದವರು ನೇಪಾಳದವರೆಗೆ ಹೋಗಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಘಟ್ಟದ ಮೇಲಿನ ಸಮತಟ್ಟು ಚಾವಣಿ ಇಲ್ಲಿ ನಾಲ್ಕು ಮಳೆಗಾಲ ಬಾಳುವುದಿಲ್ಲ. ಮರದ ಮನೆ ಕಟ್ಟಿ ಪಳಗಿದ ಕೈಗಳು ಅದೇ ಲೆಕ್ಕವನ್ನು ಕಲ್ಲಿಗೆ ತಂದವು. ಚಪ್ಪಡಿಗಳನ್ನು ಹಲಗೆಯಂತೆ ಜೋಡಿಸಿ ಇಳಿಬಿಟ್ಟರು, ಮೇಲಿನ ಅಂತಸ್ತಿಗೆ ಮರವನ್ನೇ ಉಳಿಸಿಕೊಂಡರು. ಸಿಕ್ರಿಯಲ್ಲಿ ಅಕ್ಬರನ ಕಲ್ಲುಕುಟಿಗರು ಕೆಂಪು ಮರಳುಗಲ್ಲಿನಲ್ಲಿ ತೊಲೆ, ಕಂಬ, ಬೋದಿಗೆಗಳನ್ನು ಮರಗೆಲಸದಂತೆ ಮಾಡಿದ್ದನ್ನು ಜಗತ್ತೇ ಹೊಗಳುತ್ತದೆ, ಹೊಗಳಬೇಕಾದದ್ದೇ. ಅದಕ್ಕಿಂತ ಶತಮಾನಕ್ಕೂ ಹಿಂದೆ ಇಲ್ಲಿ ಆದ ಕೆಲಸ ಅದಕ್ಕೆ ಕಡಿಮೆಯದ್ದಲ್ಲ.

ಆದ್ದರಿಂದ ನನ್ನ ಸಲಹೆ ಸ್ವಲ್ಪ ವಿಚಿತ್ರ ಎನಿಸಬಹುದು. ಮೂಡುಬಿದಿರೆಗೆ ಡಿಸೆಂಬರಿನಲ್ಲಿ ಹೋಗಬೇಡಿ, ಸೋಣ ತಿಂಗಳಲ್ಲಿ ಹೋಗಿ. ಆಟಿಯ ಅಬ್ಬರ ಇಳಿದು ಬಿಸಿಲೂ ಮಳೆಯೂ ಸರದಿಯಲ್ಲಿ ಬರುವ ದಿನಗಳವು. ಕಂಬಸಾಲಿನಲ್ಲಿ ನಿಂತಿದ್ದಾಗ ಒಂದು ಮಳೆ ಬರಲಿ. ನೀರು ಮೇಲಿನ ಮಾಡಿನಿಂದ ಕೆಳಗಿನ ಮಾಡಿಗೆ, ಅಲ್ಲಿಂದ ಅಂಗಳಕ್ಕೆ ಇಳಿಯುತ್ತದೆ, ಗೋಡೆಗೆ ಹನಿಯೂ ತಾಗುವುದಿಲ್ಲ. ಕಟ್ಟಿದವರ ತಲೆ ಹೇಗೆ ಓಡಿತ್ತೆಂಬುದು ಆಗ ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ.

ಕಂಬಗಳ ವಿಷಯ. ಒಂದರ ಹಾಗೆ ಇನ್ನೊಂದಿಲ್ಲ ಎಂಬ ಮಾತು ಎಲ್ಲರೂ ಹೇಳುವುದು. ಎರಡು ಕಂಬ ಆರಿಸಿಕೊಂಡು ನೋಡುವುದು ನನ್ನ ಪದ್ಧತಿ. ಉಳಿದವುಗಳನ್ನು ಕಣ್ಣು ತಾನಾಗಿ ನೋಡಿಕೊಳ್ಳುತ್ತದೆ. ಆಮೇಲೆ ಹೊರಗೆ ಬಂದು 1451ರ ಭೈರಾದೇವಿ ಮಂಟಪದ ಅಧಿಷ್ಠಾನದ ಬಳಿ ಕುಕ್ಕರುಗಾಲಿನಲ್ಲಿ ಕೂರಬೇಕು. ನಿಂತವರಿಗೆ ಅಲ್ಲಿಯ ಕೆತ್ತನೆ ಕಾಣುವುದಿಲ್ಲ. ಒಮ್ಮೆ ನಮ್ಮ ಗುಂಪಿನಲ್ಲಿದ್ದ ಹಿರಿಯರೊಬ್ಬರಿಗೆ ಅಲ್ಲಿಯ ಹುಡುಗ, “ಅಜ್ಜೆರೆ, ಮುಲ್ಪ ತೂಲೆ” ಎಂದು ಕೈ ಹಿಡಿದು ಕೂರಿಸಿದ. ಉದ್ದ ಕತ್ತಿನ ಪ್ರಾಣಿ. “ಇದು ಜಿರಾಫೆಯಲ್ಲವಾ ಮಗಾ?” ಎಂದು ಅಜ್ಜ ಅವನನ್ನೇ ಕೇಳಿದರು. ಜಿರಾಫೆಯೇ. ಅಲ್ಲೇ ಚೀನೀ ಡ್ರ್ಯಾಗನ್ ಕೂಡ ಇದೆ. ಚೀನಾದ ಮಿಂಗ್ ದೊರೆಗಳ ಹಡಗುಗಳು ನಮ್ಮ ಪಡುಗಡಲಿಗೆ ಬಂದುಹೋಗುತ್ತಿದ್ದದ್ದು 1405ರಿಂದ 1433ರವರೆಗೆ, ಬಂಗಾಳದಿಂದ ಜಿರಾಫೆಯೊಂದು ಚೀನಾದ ಆಸ್ಥಾನಕ್ಕೆ ಹೋದದ್ದು 1414ರಲ್ಲಿ. ಮಂಟಪದ ಶಿಲ್ಪಿಗಳು ಬದುಕಿದ್ದು ಅದರ ಮುಂದಿನ ತಲೆಮಾರಿನಲ್ಲಿ. ಬಂದರಿನಿಂದ ಒಂದು ದಿನದ ದಾರಿಯಲ್ಲಿದ್ದ ಊರಿಗೆ ಕಡಲಾಚೆಯ ಸುದ್ದಿ, ಚಿತ್ರ, ಮಾತು ಬಂದು ಸೇರುತ್ತಿತ್ತು. ಆ ಜಿರಾಫೆಯೇ ಅದಕ್ಕೆ ಸಾಕ್ಷಿ.

ಹತ್ತಿರದ ಗುರು ಬಸದಿ ಊರಿನ ಅತ್ಯಂತ ಹಳೆಯದು, ಕ್ರಿ.ಶ. 714ರದೆಂದು ಪರಂಪರೆ ಹೇಳುತ್ತದೆ. ಇಲ್ಲಿ ಕಣ್ಣಿಗಿಂತ ಕಿವಿ ಹೆಚ್ಚು ಕೆಲಸ ಮಾಡಲಿ. ವೀರಸೇನರ ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು, ಹಳಗನ್ನಡ ಲಿಪಿಯವು, ಶತಮಾನಗಳ ಕಾಲ ಈ ಊರಿನಲ್ಲಿ ಮಾತ್ರ ಉಳಿದಿದ್ದವು. ಬೇರೆ ಎಲ್ಲ ಕಡೆ ಅಳಿದುಹೋದ ಗ್ರಂಥವನ್ನು ಇಲ್ಲಿಯವರು ಪೂಜೆ ಮಾಡಿ ಕಾಪಾಡಿದರು. ಅದು ಅಚ್ಚಾಗಿ ಲೋಕಕ್ಕೆ ಸಿಗತೊಡಗಿದ್ದು 1939ರಿಂದ, ಹೀರಾಲಾಲ್ ಜೈನರ ಸಂಪಾದನೆಯಲ್ಲಿ. ಬಸದಿಯ ಪುರೋಹಿತರಾದ ಇಂದ್ರರು ಬಿಡುವಾಗಿದ್ದರೆ ಕೇಳಿ, ಹೇಳುತ್ತಾರೆ. ಪೂಜೆಯ ಹೊತ್ತಿನಲ್ಲಿ ಮಾತ್ರ ತೊಂದರೆ ಕೊಡಬಾರದು. ಅಂದಹಾಗೆ, ಅಕ್ಬರ್ ಕೂಡ ಜೈನ ಮುನಿಗಳ ಮಾತಿಗೆ ಕಿವಿಗೊಟ್ಟವನು. ಗುಜರಾತಿನಿಂದ ಕಾಲ್ನಡಿಗೆಯಲ್ಲಿ ಬಂದ ಶ್ವೇತಾಂಬರ ಆಚಾರ್ಯ ಹೀರವಿಜಯ ಸೂರಿಯನ್ನು 1583ರಲ್ಲಿ ಸಿಕ್ರಿಯಲ್ಲಿ ಬರಮಾಡಿಕೊಂಡು, ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆ ನಿಲ್ಲಿಸಿದ.

ಚೌಟರ ಅರಮನೆಗೆ ಹೋಗುವಾಗ ಅದು ಮನೆಯೂ ಹೌದೆಂಬುದು ನೆನಪಿರಲಿ. ಕೇಳಿ, ಒಪ್ಪಿದರೆ ಒಳಗೆ ಹೋಗಿ. ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಇದೇ ವಂಶದವಳು. ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಣ್ಣುಗಳು ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ. ಮೊಗಲರ ಮತ್ತು ದಖ್ಖನಿನ ಕಿರುಚಿತ್ರಗಳಲ್ಲೂ ಹೀಗೆ ಹಲವು ದೇಹ ಕೂಡಿ ಒಂದಾದ ಆನೆಗಳಿವೆ. ಕಾಗದದ ಮೇಲೆ ಕುಂಚದಿಂದ ಮಾಡುವುದೇ ಕಷ್ಟ. ಇಲ್ಲಿ ಉಳಿಯಿಂದ ಮಾಡಿದ್ದಾರೆ, ಒಬ್ಬಳ ಮೊಣಕೈ ಎಲ್ಲಿ ಮುಗಿದು ಆನೆಯ ಕಿವಿ ಎಲ್ಲಿ ಶುರುವಾಗುತ್ತದೆಂದು ಹುಡುಕುತ್ತಾ ನಿಲ್ಲಬಹುದು.

ಬೆಳಕಿದ್ದರೆ ಕೊನೆಗೆ ಕೊಡಂಗಲ್ಲು. ಜೈನ ಮುನಿಗಳವೆನ್ನುವ ಸಮಾಧಿಗಳು, ಮುರಕಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆದ್ದ ಗೋಪುರಗಳು. ತಾಜ್ ನೋಡಿದವರು ಇದನ್ನು ನೋಡಲೇಬೇಕು. ಹೂದೋಟವಿಲ್ಲ, ಕಾರಂಜಿಯಿಲ್ಲ, ಅಮೃತಶಿಲೆಯಿಲ್ಲ. ನಮ್ಮ ಬಾವಿಕಟ್ಟೆಗೂ ಹಟ್ಟಿಯ ಗೋಡೆಗೂ ಹಾಕುವ ಅದೇ ಕೆಂಪು ಕಲ್ಲು. ಕರಾವಳಿಯಲ್ಲಿ ಇಂಥವು ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೂ ಅಲ್ಲಿಗೆ ಹೋಗುವವರು ಬೆರಳೆಣಿಕೆಯಷ್ಟು.

ಸಿದ್ಧಕಟ್ಟೆಯ ದಾರಿಯಲ್ಲಿ ಬಂಟ್ವಾಳಕ್ಕೆ ಇಳಿದರೆ ಕತ್ತಲಾಗುವ ಹೊತ್ತಿಗೆ ಪುಂಜಾಲಕಟ್ಟೆ. ಕೊರತೆ ಇರುವುದು ದಾರಿಯದ್ದಲ್ಲ, ಜಾಗದ್ದಲ್ಲ, ದಿನವಿಡೀ ಜೊತೆಗಿದ್ದು ಎರಡೂ ಊರನ್ನು ಒಂದೇ ಕಥೆಯಾಗಿ ಹೇಳುವವರದ್ದು. ಪುಂಜಾಲಕಟ್ಟೆಯಲ್ಲೇ ಸರಕಾರಿ ಪ್ರಥಮ ದರ್ಜೆ ಕಾಲೇಜಿದೆ, ಮೂಡುಬಿದಿರೆಯಲ್ಲಂತೂ ದೊಡ್ಡ ವಿದ್ಯಾಸಂಸ್ಥೆಗಳಿವೆ. ಇತಿಹಾಸ ಓದುವ ಹುಡುಗ ಹುಡುಗಿಯರು ಕನ್ನಡ, ತುಳು, ಇಂಗ್ಲಿಷ್ ಮೂರರಲ್ಲೂ ಮಾತಾಡಬಲ್ಲವರು. ಒಂದು ಶಾಸನ, ಒಂದು ಮಾಡು, ಒಂದು ಜಿರಾಫೆ, ಇಷ್ಟನ್ನು ಚೆನ್ನಾಗಿ ಕಲಿಸಿದರೆ ರಜಾದಿನಗಳಲ್ಲಿ ಅವರೇ ಗೈಡ್ ಆಗಬಹುದು. ಅವರಿಗೆ ದಿನದ ಸಂಬಳವನ್ನು ಚೌಕಾಸಿ ಮಾಡದೆ ಕೊಡಿ. ವ್ಯಾನಿನಲ್ಲಿ ಮುಂದಿನ ಸೀಟನ್ನೂ ಅವರಿಗೇ ಬಿಡಿ, ಗುರುವಾಯನಕೆರೆ ದಾಟುವಾಗಲೇ ಅವರು ಅಜಿಲರ ಕಥೆ ಶುರುಮಾಡಬೇಕು.