ಕಂಪ್ಯೂಟರ್ ಕೆಟ್ಟ ರಾತ್ರಿಯ ಹಾಡು

ಇಂಗ್ಲೆಂಡಿನ ಗಾಯಕಿ ಇಮೊಜೆನ್ ಹೀಪ್ 2005ರಲ್ಲಿ ಹೊರತಂದ ‘ಸ್ಪೀಕ್ ಫಾರ್ ಯುವರ್‌ಸೆಲ್ಫ್’ ಆಲ್ಬಮ್ ಬಗ್ಗೆ ಮಾತು ಬಂದರೆ ಸಾಲದ ಕತೆಯೇ ಮೊದಲು ಬರುತ್ತದೆ. ಲಂಡನ್ನಿನ ತಮ್ಮ ಫ್ಲ್ಯಾಟನ್ನು ಅಡವಿಟ್ಟು ಸ್ಟುಡಿಯೊ ಬಾಡಿಗೆಗೆ ಹಿಡಿದರು, ವಾದ್ಯಗಳನ್ನು ಕೊಂಡರು. ಆಲ್ಬಮ್ ತಯಾರಿಯ ಕೊನೆಯ ಹಂತವಾದ ಮಾಸ್ಟರಿಂಗ್‌ಗೆ ಒಂದು ವರ್ಷ ಮೊದಲೇ ದಿನ ಗೊತ್ತುಮಾಡಿ ತಮಗೆ ತಾವೇ ಗಡುವು ಹಾಕಿಕೊಂಡರು. ಹನ್ನೆರಡು ಹಾಡುಗಳನ್ನು ತಾವೇ ಬರೆದು, ಹಾಡಿ, ಪ್ರೋಗ್ರಾಮ್ ಮಾಡಿ, ನಿರ್ಮಿಸಿ, ಮೆಗಾಫೋನಿಕ್ ಎಂಬ ಸ್ವಂತ ಲೇಬಲ್‌ನಲ್ಲಿ ಬಿಟ್ಟರು. ಕೇಳಲು ರೋಮಾಂಚಕಾರಿ ಕತೆ, ಸುಳ್ಳೂ ಅಲ್ಲ. ಆದರೆ ಹೆಡ್‌ಫೋನ್ ಹಾಕಿಕೊಂಡವರಿಗೆ ಬ್ಯಾಂಕಿನ ಕಂತು ಕೇಳಿಸುವುದಿಲ್ಲ. ಒಬ್ಬರೇ ಕೂತು ಮಾಡಿದ್ದರಿಂದ ಈ ಸಂಗೀತಕ್ಕೆ ಆದ ಲಾಭವೇನು, ನಷ್ಟವೇನು ಎಂಬುದಷ್ಟೇ ಕೇಳುಗರ ಪ್ರಶ್ನೆ. ಎರಡೂ ಆಗಿವೆ, ಒಂದೇ ಆಲ್ಬಮ್‌ನಲ್ಲಿ, ಅಕ್ಕಪಕ್ಕದ ಹಾಡುಗಳಲ್ಲೇ.

ಅವರು ಸ್ವತಂತ್ರರಾದದ್ದು ಸಿದ್ಧಾಂತದಿಂದಲ್ಲ, ಪೆಟ್ಟು ತಿಂದು. 1998ರ ಮೊದಲ ಆಲ್ಬಮ್ ‘ಐ ಮೆಗಾಫೋನ್’ ಹೊರತಂದ ಆಲ್ಮೊ ಸೌಂಡ್ಸ್ ಕಂಪನಿ ಮುಚ್ಚಿಹೋಯಿತು. ಸಂಗೀತ ನಿರ್ಮಾಪಕ ಗೈ ಸಿಗ್ಸ್‌ವರ್ತ್ ಜೊತೆ ಸೇರಿ ಫ್ರೂ ಫ್ರೂ ಎಂಬ ಹೆಸರಿನಲ್ಲಿ 2002ರಲ್ಲಿ ‘ಡೀಟೇಲ್ಸ್’ ಮಾಡಿದರು; ಆ ಜೋಡಿಯೂ ಹೆಚ್ಚು ದಿನ ನಡೆಯಲಿಲ್ಲ. ಆಮೇಲೆ ಉಳಿದದ್ದು ಒಂಟಿ ದಾರಿಯೇ.

ಆಲ್ಬಮ್‌ನ ನಡುವೆ ‘ಹೈಡ್ ಅಂಡ್ ಸೀಕ್’ ಇದೆ. ಇದನ್ನು ಬಿಟ್ಟು ಉಳಿದ ಹನ್ನೊಂದನ್ನು ಅಳೆಯಲಾಗದು. ಒಂದು ರಾತ್ರಿ ಸ್ಟುಡಿಯೊದಲ್ಲಿ ಕಂಪ್ಯೂಟರ್ ಕೈಕೊಟ್ಟಿತು. ಏನೂ ಮಾಡದೆ ಮನೆಗೆ ಹೋಗಲು ಮನಸ್ಸಿಲ್ಲದ ಹೀಪ್ ಅಲ್ಲೇ ಇದ್ದ ಡಿಜಿಟೆಕ್ ಕಂಪನಿಯ ಹಾರ್ಮೊನೈಸರ್ ಯಂತ್ರಕ್ಕೆ ಮೈಕ್ ಮತ್ತು ಕೀಬೋರ್ಡ್ ಜೋಡಿಸಿ, ನಾಲ್ಕು ಟ್ರ್ಯಾಕಿನ ಮಿನಿಡಿಸ್ಕ್ ಯಂತ್ರವೊಂದರಲ್ಲಿ ಹಾಡಿಕೊಂಡರು. ಹಾಡುವ ದನಿಯನ್ನು ಕೀಬೋರ್ಡಿನಲ್ಲಿ ಒತ್ತಿದ ಸ್ವರಗಳಿಗೆಲ್ಲ ಏಕಕಾಲಕ್ಕೆ ಹಂಚುವುದು ಆ ಯಂತ್ರದ ಕೆಲಸ. ಗಾಯಕಿ ಒಬ್ಬಳೇ, ಕೇಳಿಸುವುದು ಮಾತ್ರ ಒಂದು ವೃಂದ. ಡ್ರಮ್ ಇಲ್ಲ, ಬೇಸ್ ಗಿಟಾರ್ ಇಲ್ಲ, ಪಿಯಾನೊ ಇಲ್ಲ. ನಾಲ್ಕೂಕಾಲು ನಿಮಿಷ ಬರೀ ಗಂಟಲು.

ವಿಶೇಷ ಆ ವೃಂದದಲ್ಲಿಲ್ಲ, ಅದು ನಿಲ್ಲುವ ರೀತಿಯಲ್ಲಿದೆ. ನಮ್ಮ ಹಿಂದೂಸ್ತಾನಿ ಬೈಠಕ್‌ಗಳಲ್ಲಿ ಹಾರ್ಮೋನಿಯಂ ಸಾಥ್ ಕೊಡುವವರು ಗಾಯಕರ ಹಿಂದೆ ಕೂದಲೆಳೆಯಷ್ಟು ತಡವಾಗಿ ಬರುತ್ತಾರೆ. ಗಾಯಕರು ಉಸಿರು ತೆಗೆದುಕೊಂಡಾಗ ಆ ಖಾಲಿ ಜಾಗವನ್ನು ತುಂಬುವುದೂ ಅವರೇ. ಕೆಳಗೆ ತಂಬೂರಿಯಂತೂ ನಿಲ್ಲುವುದೇ ಇಲ್ಲ. ಇಲ್ಲಿ ಹಾಗಲ್ಲ. ಹೀಪ್ ಬಾಯಿ ಮುಚ್ಚಿದ ಕೂಡಲೇ ಇಡೀ ವೃಂದವೂ ಬಾಯಿ ಮುಚ್ಚುತ್ತದೆ, ಏಕೆಂದರೆ ಆ ಸ್ವರಗಳಿಗೆ ಅವರ ಉಸಿರಿನ ಆಚೆ ಬದುಕಿಲ್ಲ. ಸಾಲುಗಳ ನಡುವೆ ಬೀಳುವ ಮೌನ ಹಾಗಾಗಿ ಅಲಂಕಾರವಲ್ಲ, ಪೂರ್ತಿ ಕತ್ತಲು. ನೋವಿನಲ್ಲಿರುವವರು ಮಾತಾಡುತ್ತಾ ಮಧ್ಯದಲ್ಲಿ ತಡೆದುಕೊಳ್ಳುತ್ತಾರಲ್ಲ, ಆ ತಡೆಯನ್ನು ಈ ಹಾಡು ಸದ್ದಿನ ರಚನೆಯಲ್ಲೇ ತಂದುಬಿಟ್ಟಿದೆ. ಯಂತ್ರದ ದನಿಗೆ ಭಾವವಿಲ್ಲ ಎನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

2005ರಲ್ಲಿ ‘ದಿ ಒ.ಸಿ.’ ಎಂಬ ಅಮೆರಿಕನ್ ಧಾರಾವಾಹಿಯ ಎರಡನೇ ಸೀಸನ್ ಕೊನೆಯಾದದ್ದು ಗುಂಡೇಟಿನ ದೃಶ್ಯವೊಂದರಿಂದ. ಅಲ್ಲಿ ಈ ಹಾಡು ಬಂದು ಮನೆಮಾತಾಯಿತು. 2009ರಲ್ಲಿ ಗಾಯಕ ಜೇಸನ್ ಡೆರೂಲೊ ಇದರ ಒಂದು ತುಣುಕನ್ನು ಎತ್ತಿ ‘ವಾಚಾ ಸೇ’ ಮಾಡಿದಾಗ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಡೆರೂಲೊ ಆ ತುಣುಕಿಗೆ ಡ್ರಮ್ ಹಾಕಿದರು. ಕುಣಿಯಲು ಅನುಕೂಲವಾಯಿತು, ನಿಜ. ಮೂಲದಲ್ಲಿದ್ದ ಕತ್ತಲು ಮಾತ್ರ ಆ ಕ್ಷಣವೇ ಹೋಯಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದರೆ ಸಾಕು, ಹೀಪ್ ಏನನ್ನು ಹಾಕದೆ ಬಿಟ್ಟಿದ್ದರು ಎಂಬುದು ತಿಳಿಯುತ್ತದೆ.

ಇದೇ ಕಲಾವಿದೆ ಕಂಪ್ಯೂಟರ್ ಸರಿಯಿದ್ದ ದಿನಗಳಲ್ಲಿ ಏನನ್ನೂ ಬಿಟ್ಟವರಲ್ಲ! ‘ಲೂಸ್ ಎಂಡ್ಸ್’, ‘ಕ್ಲೋಸಿಂಗ್ ಇನ್’, ಮುಖ್ಯವಾಗಿ ‘ಡೇಲೈಟ್ ರಾಬರಿ’ ಕೇಳಿ. ಪ್ರತಿ ಎರಡು ಮಾತ್ರೆಗೊಂದು ಹೊಸ ಸದ್ದು. ಒಂದು ಕಡೆಯಿಂದ ಕಿಣಿಕಿಣಿ, ಇನ್ನೊಂದು ಕಡೆಯಿಂದ ಚೂರು ಮಾಡಿದ ದನಿ, ಮಧ್ಯೆ ಗಿಟಾರಿನ ಕೂಗಾಟ. ಒಂದೊಂದನ್ನೂ ಜಾಣತನದಿಂದಲೇ ಮಾಡಿದ್ದಾರೆ. ಒಟ್ಟಿಗೆ ಸೇರಿದಾಗ ಮಾತ್ರ ಸಂತೆಯಲ್ಲಿ ಯಾರನ್ನೋ ಹುಡುಕಿದಂತೆ ರಾಗವನ್ನು ಹುಡುಕಬೇಕಾಗುತ್ತದೆ. ಟ್ರ್ಯಾಕ್ ಮೇಲೆ ಟ್ರ್ಯಾಕ್ ಹೇರುವುದಕ್ಕೆ ಸಾಫ್ಟ್‌ವೇರ್ ಮಿತಿ ಹಾಕುವುದಿಲ್ಲ, ‘ಸಾಕಮ್ಮಾ’ ಅನ್ನಲು ಕೋಣೆಯಲ್ಲಿ ಇನ್ನೊಬ್ಬರಿಲ್ಲ. ಒಂಟಿ ನಿರ್ಮಾಪಕರ ಕಾಯಿಲೆ ಇದು. ಮನೆಯ ಸ್ಟುಡಿಯೊಗಳಿಂದ ಇವತ್ತು ಬರುತ್ತಿರುವ ಎಷ್ಟೋ ಹಾಡುಗಳಿಗೆ, ನಮ್ಮ ಕನ್ನಡದವನ್ನೂ ಸೇರಿಸಿ, ಇದು ಅಂಟಿಕೊಂಡಿದೆ.

ಹೊರಗಿನವರೊಬ್ಬರು ಬಂದ ಕಡೆ ಹಾಡು ಹಗುರಾಗಿದೆ ಎಂಬುದನ್ನೂ ಗಮನಿಸಬೇಕು. ‘ಗುಡ್‌ನೈಟ್ ಅಂಡ್ ಗೋ’ದಲ್ಲಿ ಗಿಟಾರ್ ಜೆಫ್ ಬೆಕ್ ಅವರದು. ಅಷ್ಟು ದೊಡ್ಡ ವಾದಕನನ್ನು ಕರೆಸಿಯೂ ಮೆರವಣಿಗೆ ಮಾಡಿಲ್ಲ. ಮೋಹಕ್ಕೆ ಬಿದ್ದವಳ ಪೇಚಾಟವನ್ನು ತುಂಟತನದಲ್ಲಿ ಹೇಳುವ ಹಾಡು ಅದು. ಸದ್ದುಗಳು ಆ ತುಂಟತನಕ್ಕೆ ಬೇಕಾದಷ್ಟೇ ಇವೆ. 2018ರಲ್ಲಿ ಅರಿಯಾನಾ ಗ್ರಾಂಡೆ ಇದನ್ನು ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ಗಟ್ಟಿ ರಾಗವಿದ್ದರೆ ಹೊದಿಕೆ ಬದಲಾದರೂ ಹಾಡು ಉಳಿಯುತ್ತದೆ.

‘ಜಸ್ಟ್ ಫಾರ್ ನೌ’ ವಿಷಯದಲ್ಲಂತೂ ನನಗೆ ಆಲ್ಬಮ್‌ಗಿಂತ ವೇದಿಕೆಯೇ ಮೆಚ್ಚು. ಅಲ್ಲಿ ಹೀಪ್ ಒಂದು ಲೂಪ್ ಯಂತ್ರದ ಮುಂದೆ ನಿಂತು ಒಂದು ಚೂರು ಹಾಡುತ್ತಾರೆ, ಅದು ಸುತ್ತತೊಡಗುತ್ತದೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಒಮ್ಮೊಮ್ಮೆ ಸಭಿಕರನ್ನೇ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಸಾಲು ಹಂಚುತ್ತಾರೆ. ಹಾಡು ಕಣ್ಣೆದುರೇ ಹುಟ್ಟುವುದರಿಂದ ಯಾವ ಪದರ ಏಕೆ ಬಂತೆಂದು ಗೊತ್ತಾಗುತ್ತದೆ. ತಪ್ಪಿದರೆ ಅಳಿಸುವಂತಿಲ್ಲ, ಹೇರುತ್ತಾ ಹೋಗಲು ಸಮಯವೂ ಇಲ್ಲ. ಮಿನಿಡಿಸ್ಕ್‌ನ ಆ ರಾತ್ರಿಯ ಶಿಸ್ತೇ ಇಲ್ಲಿಯೂ ಇದೆ.

ವ್ಯವಹಾರದಲ್ಲಿ ಹೀಪ್ ಅವರ ಕ್ರಮಕ್ಕೆ ನನ್ನ ತಕರಾರಿಲ್ಲ. ಮೊದಲು ಸ್ವಂತ ಖರ್ಚಿನಲ್ಲಿ ಆಲ್ಬಮ್ ಮುಗಿಸಿ, ಆಮೇಲೆ ಅಮೆರಿಕದಲ್ಲಿ ಹಂಚಲು ಆರ್‌ಸಿಎ ವಿಕ್ಟರ್‌ಗೆ ಪರವಾನಗಿ ಕೊಟ್ಟರು. ಕಂಪನಿಯನ್ನು ದೂರ ಇಡುವುದಲ್ಲ, ಬಾಗಿಲಿಗೆ ಬರುವ ಹೊತ್ತಿಗೆ ಮಾಲು ತಮ್ಮ ಕೈಯಲ್ಲಿರುವಂತೆ ನೋಡಿಕೊಳ್ಳುವುದು ಅವರ ಜಾಣತನ. ಮೊದಲ ಆಲ್ಬಮ್ ಬಂದು ಎಂಟು ವರ್ಷ ಕಳೆದ ಮೇಲೆ, 2006ರ ಕೊನೆಯಲ್ಲಿ, ಗ್ರ್ಯಾಮಿಯವರು ಇವರನ್ನು ‘ಹೊಸ ಕಲಾವಿದ’ರ ಪಟ್ಟಿಗೆ ಸೇರಿಸಿದ್ದು ಮಾತ್ರ ತಮಾಷೆ.

ಮುಂದಿನ ‘ಎಲಿಪ್ಸ್’ (2009) ಧ್ವನಿಗ್ರಹಣಕ್ಕಾಗಿ ಗ್ರ್ಯಾಮಿ ಪಡೆಯಿತು; ಎಂಜಿನಿಯರ್ ಕೂಡ ಹೀಪ್ ಅವರೇ. ಅಲ್ಲಿ ಸದ್ದುಗಳು ಹೆಚ್ಚು ಚೊಕ್ಕ, ಒಂದರ ಕಾಲನ್ನು ಇನ್ನೊಂದು ತುಳಿಯುವುದಿಲ್ಲ. ಆದರೂ ನಾನು ಮತ್ತೆ ಮತ್ತೆ ಹಾಕುವುದು ಹಳೆಯದನ್ನೇ. 2011ರಲ್ಲಿ ‘ದಿ ಡ್ಯೂವರಿಸ್ಟ್ಸ್’ ಎಂಬ ಸಂಗೀತ ಟಿವಿ ಸರಣಿಗಾಗಿ ಹೀಪ್ ರಾಜಸ್ಥಾನಕ್ಕೆ ಬಂದು ವಿಶಾಲ್-ಶೇಖರ್ ಜೋಡಿಯೊಂದಿಗೆ ‘ಮೈಂಡ್ಸ್ ವಿದೌಟ್ ಫಿಯರ್’ ಮಾಡಿದರು. ಸೌಜನ್ಯದ ಹಾಡು, ಅಷ್ಟೇ.

ಕತ್ತರಿ ನನ್ನ ಕೈಗೆ ಕೊಟ್ಟಿದ್ದರೆ ಈ ಹನ್ನೆರಡರಲ್ಲಿ ‘ಡೇಲೈಟ್ ರಾಬರಿ’ಯನ್ನೂ ‘ಕ್ಲೋಸಿಂಗ್ ಇನ್’ ಅನ್ನೂ ತೆಗೆದುಹಾಕುತ್ತಿದ್ದೆ, ‘ಲೂಸ್ ಎಂಡ್ಸ್’ನ ಅರ್ಧ ಟ್ರ್ಯಾಕ್‌ಗಳನ್ನು ಅಳಿಸುತ್ತಿದ್ದೆ. 2024ರ ಕೊನೆಯಲ್ಲಿ ಟಿಕ್‌ಟಾಕ್ ಹುಡುಗರು ಎಲ್ಲಿಂದಲೋ ಹೆಕ್ಕಿ ಹರಡಿದ ಮೊದಲ ಹಾಡು ‘ಹೆಡ್‌ಲಾಕ್’ ಮತ್ತು ಕೊನೆಯ ‘ದಿ ಮೊಮೆಂಟ್ ಐ ಸೆಡ್ ಇಟ್’ ಇದ್ದಲ್ಲೇ ಇರಲಿ. ‘ಹೈಡ್ ಅಂಡ್ ಸೀಕ್’ ಆದ ಮೇಲೆ ಮುಂದಿನ ಹಾಡು ಇಷ್ಟು ಬೇಗ ಬರದಂತೆ ಇನ್ನೊಂದು ಅರ್ಧ ನಿಮಿಷ ಏನೂ ಇಡದೆ ಬಿಟ್ಟಿದ್ದರೂ ಒಳ್ಳೆಯದಿತ್ತು.