ಹಲಸೂರಿನ ರಾವಣ

ಎಂಟನೇ ತರಗತಿಗೆ ಶಿಲ್ಪಕಲೆಯ ಪಾಠ. ಎರಡು ಭಾನುವಾರ ಗ್ರಂಥಾಲಯದಲ್ಲಿ ಕೂತು ಟಿಪ್ಪಣಿ ಮಾಡಿಕೊಂಡು, 1117ರ ಬೇಲೂರು, ಅಲ್ಲಿನ ಮದನಿಕೆಯರು ಎಂದೆಲ್ಲ ಉತ್ಸಾಹದಿಂದ ಹೇಳಿದೆ. ಕೊನೆಯ ಬೆಂಚಿನ ಹುಡುಗಿ ಎದ್ದಳು: "ಮಿಸ್, ನಮ್ಮ ಹಲಸೂರು ಸೋಮೇಶ್ವರನ ಗುಡೀಲಿ ರಾವಣ ಕೈಲಾಸ ಎತ್ತಿದಾನಲ್ಲ, ಅದು ಶಿಲ್ಪ ಅಲ್ವಾ?"

"ಅದು ಅಷ್ಟು ನಾಜೂಕಿಲ್ಲಮ್ಮ" ಎಂದು ಕೂರಿಸಿಬಿಟ್ಟೆ. (ಆ ಗುಡಿಗೆ ನಾನು ಹೋಗುತ್ತಿದ್ದುದು ನವಗ್ರಹಕ್ಕೆ ದೀಪ ಹಚ್ಚಲು ಮಾತ್ರ!)

ಸಂಜೆ ಹೋಗಿ ನಿಂತು ನೋಡಿದೆ. ಬೇಲೂರಿನದು ಬಳಪದ ಕಲ್ಲು. ಸರದ ಮಣಿಮಣಿಯನ್ನೂ ಬಿಡಿಸಬಹುದು. ಇಲ್ಲಿಯದು ಗಟ್ಟಿ ಗ್ರಾನೈಟ್. ವಿಜಯನಗರ ಕಾಲದ ಶಿಲ್ಪಿ ಒಡವೆಗಿಂತ ಮೈಯ ನಿಲುವನ್ನು ನೆಚ್ಚಿಕೊಂಡಿದ್ದಾನೆ. ಬೇಲೂರಿನ ಅಳತೆಗೋಲು ಹಿಡಿದು ಅವನನ್ನು ಅಳೆದ ತಪ್ಪು ನನ್ನದು.

ಮರುದಿನ ತರಗತಿಯಲ್ಲಿ ಹಾಗೆಂದು ಹೇಳಿ, ಉಳಿದ ಪಾಠಕ್ಕೆ ಮಕ್ಕಳನ್ನು 48 ಕಂಬಗಳ ಆ ಮಂಟಪಕ್ಕೇ ಹೊರಡಿಸಿದೆ. ಅವಳೇ ಮುಂದೆ ನಡೆದಳು.