ಮಳೆ ತೊಳೆದ ಚಿತ್ರ

ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ವೆನ್‌ಹ್ಯಾಸ್ಟನ್ ಎಂಬ ಹಳ್ಳಿ. ಅಲ್ಲಿನ ಸಂತ ಪೀಟರನ ಇಗರ್ಜಿಯನ್ನು 1892ರಲ್ಲಿ ದುರಸ್ತಿ ಮಾಡುತ್ತಿದ್ದಾಗ, ಸುಣ್ಣ ಬಳಿದಿದ್ದ ಹಳೆಯ ಹಲಗೆಗಳನ್ನು ಕಿತ್ತು ಅಂಗಳಕ್ಕೆ ಎಸೆದರು. ಸುಡುವುದೊಂದೇ ಬಾಕಿಯಿತ್ತು. ರಾತ್ರಿ ಮಳೆ ಹೊಯ್ಯಿತು. ಬೆಳಿಗ್ಗೆ ನೋಡಿದರೆ ಸುಣ್ಣ ಕರಗಿ, ಅಡಿಯಿಂದ ಮುಖಗಳು ಇಣುಕುತ್ತಿದ್ದವು!

1500ರ ಆಸುಪಾಸಿನಲ್ಲಿ ಬರೆದ, ಕ್ರೈಸ್ತರ ಅಂತಿಮ ತೀರ್ಪಿನ ಚಿತ್ರವದು. ಕಾಮನಬಿಲ್ಲಿನ ಮೇಲೆ ಕುಳಿತ ಕ್ರಿಸ್ತ. ಕೆಳಗೆ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿರುವ ಮೈಕೇಲ ದೇವದೂತ, ಪಕ್ಕದಲ್ಲೇ ತನ್ನ ಪಾಲಿಗೆ ಕಾದು ನಿಂತ ಸೈತಾನ. ಒಂದು ಕೊನೆಯಲ್ಲಿ ಬಾಯ್ದೆರೆದ ಮೀನಿನಂತಹ ನರಕ. ಇನ್ನೊಂದು ಕಡೆ ಸಂತ ಪೀಟರ ಎದುರುಗೊಳ್ಳುತ್ತಿರುವವರಲ್ಲಿ ರಾಜ, ರಾಣಿ, ಬಿಷಪ್, ಕಾರ್ಡಿನಲ್ ಇದ್ದಾರೆ. ಕಿರೀಟವೇನೋ ತಲೆಯ ಮೇಲಿದೆ. ಮೈಮೇಲೆ ಮಾತ್ರ ಒಂದು ನೂಲೆಳೆಯೂ ಇಲ್ಲ.

ಬರೆದವನು ಮಹಾ ಕಲಾವಿದನೆಂದು ಹೇಳಲು ನನಗೆ ಧೈರ್ಯವಿಲ್ಲ. ಕೈಕಾಲು ಮರಗಟ್ಟಿದಂತಿವೆ, ಮುಖಗಳು ಒಂದೇ ಅಚ್ಚಿನವು. ಇದೇ ವಸ್ತುವನ್ನು ಮೈಕೆಲೇಂಜೆಲೊ ಸಿಸ್ಟೈನ್ ಮಂದಿರದ ಗೋಡೆಯ ಮೇಲೆ ಬರೆದು 1541ರಲ್ಲಿ ಮುಗಿಸಿದ; ಅದರ ಎದುರು ಇದು ಬಾಲಲೀಲೆ. ಆದರೆ ಹಾಗೆ ಹೋಲಿಸುವುದೇ ತಪ್ಪು. ಹಲಗೆಗಳ ನಡುವೆ ಬಣ್ಣವಿಲ್ಲದ ಮೂರು ಆಕೃತಿಗಳು ಖಾಲಿ ಉಳಿದಿವೆ: ಮಧ್ಯೆ ಶಿಲುಬೆ, ಅದರ ಎರಡು ಪಕ್ಕಕ್ಕೆ ಮೇರಿ ಮತ್ತು ಯೋಹಾನ. ಅಲ್ಲಿ ಕೆತ್ತಿದ ಮರದ ವಿಗ್ರಹಗಳಿದ್ದವು. ಚಿತ್ರಗಾರ ಅವುಗಳ ಸುತ್ತ ಹಿನ್ನೆಲೆಯನ್ನಷ್ಟೇ ತುಂಬಿದ. ತನ್ನ ಕೆಲಸ ಎರಡನೆಯದೆಂಬುದನ್ನು ಬಲ್ಲ ಕೈ ಅದು.

ಗರ್ಭಗುಡಿಯಂತಹ ಒಳ ಅಂಕಣಕ್ಕೂ ಜನ ನಿಲ್ಲುವ ಅಂಕಣಕ್ಕೂ ನಡುವಿನ ಕಮಾನನ್ನು ಈ ಹಲಗೆಗಳು ಮೇಲ್ಭಾಗದಲ್ಲಿ ಮುಚ್ಚಿದ್ದವು. ಲ್ಯಾಟಿನ್ ತಿಳಿಯದ ಒಕ್ಕಲು ಮಂತ್ರ ಕೇಳುತ್ತ ಕತ್ತೆತ್ತಿದರೆ ಕಣ್ಣಿಗೆ ಬೀಳುತ್ತಿದ್ದುದು ಇದೇ. ಅವನಿಗೂ ಪೂಜಾಪೀಠಕ್ಕೂ ನಡುವೆ ತೀರ್ಪು ತೂಗುತ್ತಿತ್ತು. ಈಗ ಅದನ್ನು ಉತ್ತರದ ಗೋಡೆಗೆ ಏರಿಸಿದ್ದಾರೆ. ಉಳಿಸಿದವರಿಗೆ ನಾವು ಋಣಿಗಳೇ; ಆದರೂ ಪಕ್ಕದ ಗೋಡೆಗೆ ಬಂದ ಮೇಲೆ ಅದು ನೋಡುವ ಚಿತ್ರವಾಗಿದೆ, ನಮ್ಮನ್ನು ನೋಡುವ ಚಿತ್ರವಾಗಿ ಉಳಿದಿಲ್ಲ. ಬಂದವರು ಸೈತಾನನ ಸೊಟ್ಟ ಮೂತಿಗೆ ನಕ್ಕು ಮುಂದೆ ಹೋಗಬಹುದು.

ಮತಸುಧಾರಣೆಯ ಕಾಲದಲ್ಲಿ ವಿಗ್ರಹಗಳನ್ನು ಕಿತ್ತರು, ಚಿತ್ರಕ್ಕೆ ಸುಣ್ಣ ಬಳಿದರು. ಬಳಿಕ ಅಲ್ಲಿ ಬೈಬಲಿನ ರೋಮನರ ಪತ್ರಿಕೆಯ ಹದಿಮೂರನೆಯ ಅಧ್ಯಾಯದ ಮಾತುಗಳನ್ನು ಬರೆಸಿದರು: ಆಳುವವರಿಗೆ ಪ್ರತಿಯೊಬ್ಬನೂ ಅಧೀನನಾಗಿರಬೇಕೆಂಬ ಬೋಧೆ. ಊರಿನವರು ಅದನ್ನು ಓದುತ್ತಿದ್ದ ಕಾಲವೆಲ್ಲ, ಸುಣ್ಣದ ಒಳಗೆ ರಾಜ ಬತ್ತಲೆಯಾಗಿ ತನ್ನ ಸರದಿಗೆ ನಿಂತೇ ಇದ್ದ.